ಕೊನೆಯ ಕಂತು ಎಲ್ಲಿ ಹೋಯ್ತು?



ಇವತ್ತು ರಾಜಕೀಯ ಇಲ್ಲ. ಯಾರ ಹೇಳಿಕೆ, ಯಾರ ತಿರುಗೇಟು, ಯಾವುದೂ ಇಲ್ಲ. ರಿಮೋಟ್ ಕೈಗೆ ತಗೋಬೇಡಿ, ಯಾಕಂದ್ರೆ ಇವತ್ತಿನ ವಿಷಯ ನೀವು ಈಗಷ್ಟೇ ಬೇರೆ ಚಾನೆಲ್‌ನಲ್ಲಿ ನೋಡಿ ಬಂದಿರುವಂಥದ್ದೇ. ಸೀರಿಯಲ್.

ಈ ಕಾರ್ಯಕ್ರಮದಲ್ಲಿ ಸೀರಿಯಲ್‌ಗಳನ್ನು ನಾನು ಎಷ್ಟು ಸಲ ಆಡಿಕೊಂಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮಲಗುವಾಗಲೂ ರೇಷ್ಮೆ ಸೀರೆ, ಆಸ್ಪತ್ರೆ ಹಾಸಿಗೆಯಲ್ಲೂ ಲಿಪ್‌ಸ್ಟಿಕ್, ಮನೆಯಲ್ಲಿ ಒಬ್ಬರು ಕೆಮ್ಮಿದರೆ ಹನ್ನೊಂದು ಜನರ ಮುಖಕ್ಕೆ ಮೂರು ಮೂರು ಸಲ ಝೂಮ್. ಇದೆಲ್ಲ ಸುಲಭದ ತಮಾಷೆ. ಹೇಳಿದವನಿಗೆ ಖರ್ಚಿಲ್ಲ, ಕೇಳಿದವರಿಗೆ ನಗು.

ಸ್ವಲ್ಪ ದಿನದ ಹಿಂದೆ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳ ಜೊತೆ ಮಾತಾಡೋಕೆ ಕರೆದಿದ್ದರು. ಅಲ್ಲೂ ಇದೇ ತಮಾಷೆ ಮಾಡಿದೆ. ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. "ಸರ್, ನಿಮ್ಮ ಒಂಬತ್ತು ಗಂಟೆ ಕಾರ್ಯಕ್ರಮಕ್ಕೂ ಸೀರಿಯಲ್‌ಗೂ ಏನು ವ್ಯತ್ಯಾಸ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಸೀರಿಯಲ್ ಕಲ್ಪನೆ, ಸುದ್ದಿ ನಿಜ ಅಂತ ಉತ್ತರ ಕೊಟ್ಟೆ. ಅವಳು ಕೂತ್ಕೊಳ್ಳಲಿಲ್ಲ. "ನಾನು ವಿಷಯ ಕೇಳಲಿಲ್ಲ ಸರ್. ಕಟ್ಟೋ ರೀತಿ ಕೇಳಿದೆ" ಅಂದಳು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಡುವಾಗ ಅವರ ಮೇಷ್ಟ್ರು ಒಂದು ಕಟ್ಟು ಜೆರಾಕ್ಸ್ ಪ್ರತಿ ಕೈಗಿಟ್ಟರು. ಕಥೆ ಹೇಗೆ ನಿಲ್ಲುತ್ತದೆ, ಟಿವಿ ಹೇಗೆ ಕೆಲಸ ಮಾಡುತ್ತದೆ, ನೋಡುವವರ ತಲೆಯೊಳಗೆ ಏನಾಗುತ್ತದೆ ಎಂಬ ಬಗ್ಗೆ ದೊಡ್ಡ ದೊಡ್ಡವರು ಬರೆದ ಲೇಖನಗಳು. ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಸಾಹಿತ್ಯ ಸಿದ್ಧಾಂತ ಅಂದ್ರೆ ಮೈಲಿ ದೂರ. ಆದರೆ ಸರ್ಕ್ಯೂಟ್ ಡಯಾಗ್ರಾಂ ಓದೋಕೆ ಬರುತ್ತೆ. ಇದನ್ನೂ ಹಾಗೇ ಓದೋಣ ಅಂತ ಕೂತೆ.

ಮೊದಲು ಸಿಕ್ಕವನು ರಷ್ಯಾದ ವ್ಲಾದಿಮಿರ್ ಪ್ರಾಪ್. 1928ರಲ್ಲಿ ಅವನೊಂದು ಪುಸ್ತಕ ಬರೆದ. ರಷ್ಯಾದ ನೂರು ಅಜ್ಜಿಕಥೆಗಳನ್ನು ಬಿಚ್ಚಿ ಹರಡಿ, ನಟ್ಟು ಬೋಲ್ಟು ಬೇರೆ ಮಾಡಿದ. ಎಷ್ಟೇ ಕಥೆ ಇದ್ದರೂ ಒಳಗೆ ನಡೆಯುವ ಘಟನೆಗಳ ಮಾದರಿ ಮೂವತ್ತೊಂದೇ, ಪಾತ್ರಗಳ ಕೆಲಸ ಏಳೇ ಅಂದ. ನಾಯಕ, ಖಳ, ಸಹಾಯ ಮಾಡುವವನು, ಸುಳ್ಳು ನಾಯಕ, ಹೀಗೆ. ನನಗೆ ಅದರಲ್ಲಿ ಹಿಡಿಸಿದ್ದು ಒಂದು ಮಾತು. ಕಥೆಯ ಚಕ್ರ ನಿಜವಾಗಿ ತಿರುಗೋಕೆ ಶುರುವಾಗೋದು ಖಳ ಕೇಡು ಮಾಡಿದಾಗ, ಇಲ್ಲವೇ ಏನೋ ಒಂದು ಕೊರತೆ ಕಂಡಾಗ. ನಾಯಕ ಅಲ್ಲಿವರೆಗೆ ಮನೆಯಲ್ಲಿ ಸುಮ್ಮನೆ ಕೂತಿರುತ್ತಾನೆ.

ಈಗ ನಮ್ಮ 'ಅಗ್ನಿಸಾಕ್ಷಿ' ನೆನಪು ಮಾಡ್ಕೊಳ್ಳಿ. 2013ರ ಕೊನೆಯಲ್ಲಿ ಶುರುವಾಗಿ 2020ರ ಆರಂಭದವರೆಗೆ, ಆರು ವರ್ಷ ಓಡಿದ ಧಾರಾವಾಹಿ. ನಾಯಕಿ ಸನ್ನಿಧಿ, ನಾಯಕ ಸಿದ್ಧಾರ್ಥ. ಆದರೆ ಗಾಡಿ ಓಡಿಸಿದ್ದು ಯಾರು? ಮನೆಯೊಳಗೇ ಇದ್ದ ಚಂದ್ರಿಕಾ. ಅವಳು ಒಂದು ವಾರ ರಜೆ ಹಾಕಿದ್ದರೆ ಆ ಮನೆಯಲ್ಲಿ ಕಾಫಿ ಕುಡಿಯೋದು ಬಿಟ್ಟು ಬೇರೆ ಕೆಲಸವೇ ಇರುತ್ತಿರಲಿಲ್ಲ. ವಿಲನ್ ಸಿಕ್ಕಿಬಿದ್ದ ದಿನ ಕಥೆ ಮುಗೀತು. ಹಾಗಾಗಿ ಅವಳು ಸಿಕ್ಕಿಬೀಳಬಾರದು. ಸಿಕ್ಕಿಬೀಳುವ ಹಾಗೆ ಮಾತ್ರ ಇರಬೇಕು, ದಿನಾ.

ಮುಂದಿನ ಪ್ರತಿ ತೊದೊರೋವ್ ಎಂಬವನದು. ಅವನು ಹೇಳಿದ್ದು ಇನ್ನೂ ಸರಳ. ಕಥೆ ಅಂದ್ರೆ ಒಂದು ಸಮತೋಲ, ಅದು ಕದಡುವುದು, ಆಮೇಲೆ ಇನ್ನೊಂದು ಸಮತೋಲಕ್ಕೆ ಬಂದು ನಿಲ್ಲುವುದು. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ನೋಡಿದವರಿಗೆ ಇದನ್ನು ವಿವರಿಸೋದೇ ಬೇಡ. ಬಹುತೇಕ ಕಥೆ ಒಂದೇ ಕಂತಿನಲ್ಲಿ ಮುಗಿಯುತ್ತಿತ್ತು. ಏನೋ ಒಂದು ಕದಡುತ್ತೆ, ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ತಿಳಿಯಾಗುತ್ತೆ, ನೀವು ಎದ್ದು ಊಟಕ್ಕೆ ಹೋಗ್ತೀರಿ. ದಿನದ ಧಾರಾವಾಹಿ ಮಾಡುವುದೇನು? ಮೂರನೇ ಭಾಗವನ್ನು ಕತ್ತರಿಸಿ ಬೀರುವಿನಲ್ಲಿ ಬೀಗ ಹಾಕಿ ಇಡುತ್ತದೆ. ಕದಡಿದ್ದು ತಿಳಿಯಾಗೋ ಹೊತ್ತಿಗೆ ಇನ್ನೊಂದು ಕಡೆಯಿಂದ ಕೋಲು ಹಾಕುತ್ತದೆ.

ರೋಲಾನ್ ಬಾರ್ತ್ ಎಂಬ ಫ್ರೆಂಚ್ ಲೇಖಕ 1970ರಲ್ಲಿ ಬಾಲ್ಜಾಕ್‌ನ ಒಂದು ಕಥೆ ಹಿಡಿದು ಪುಸ್ತಕವನ್ನೇ ಬರೆದ. ಅದರಲ್ಲಿ ಒಗಟಿನ ಬಗ್ಗೆ ಹೇಳುತ್ತಾನೆ. ಕಥೆ ಒಂದು ಪ್ರಶ್ನೆ ಎತ್ತುತ್ತೆ, ಆಮೇಲೆ ಉತ್ತರ ಕೊಡದೇ ಇರೋದಕ್ಕೆ ಏನೆಲ್ಲ ಉಪಾಯ ಮಾಡುತ್ತೆ: ದಾರಿ ತಪ್ಪಿಸುತ್ತೆ, ಅರ್ಧ ಹೇಳುತ್ತೆ, ಹೇಳುವಾಗ ತಡೆಯುತ್ತೆ. ಇದನ್ನು ಓದುವಾಗ ನನಗೆ ಬಾಲ್ಜಾಕ್ ನೆನಪಾಗಲಿಲ್ಲ. ನಮ್ಮ ಪ್ರೊಡಕ್ಷನ್ ಕಂಟ್ರೋಲ್ ರೂಮಿನಿಂದ ನನ್ನ ಕಿವಿಗೆ ಬರುವ ದನಿ ನೆನಪಾಯಿತು. "ಈಗ ಹೇಳ್ಬೇಡಿ, ಬ್ರೇಕ್ ಆದ್ಮೇಲೆ ಹೇಳಿ." ಆ ವಿಷಯಕ್ಕೆ ಆಮೇಲೆ ಬರ್ತೀನಿ. (ನೋಡಿ, ಅಭ್ಯಾಸ ಬಿಡೋದು ಎಷ್ಟು ಕಷ್ಟ!)

ಇನ್ನು ಆ ಮೂರು ಸಲದ ಝೂಮ್, ಕಿವಿ ಹರಿಯುವ 'ಧೋಂ' ಸದ್ದು, ಒಂದೇ ಮಾತನ್ನು ನಾಲ್ಕು ಪಾತ್ರಗಳ ಬಾಯಲ್ಲಿ ಹೇಳಿಸೋದು. ಇದು ಮಾಡುವವರ ಪೆದ್ದುತನ ಅಂತ ನಾನು ತಿಳಿದಿದ್ದೆ. ಟಾನಿಯಾ ಮೊಡ್ಲೆಸ್ಕಿ ಎಂಬ ಅಮೆರಿಕದ ವಿದ್ವಾಂಸೆ 1982ರ ತಮ್ಮ ಪುಸ್ತಕದಲ್ಲಿ ಕಣ್ಣು ತೆರೆಸುವಂಥ ಒಂದು ಮಾತು ಹೇಳಿದ್ದಾರೆ. ಅಲ್ಲಿ ಈ ಕಥೆಗಳಿಗೆ ಸೋಪ್ ಒಪೆರಾ ಅಂತ ಹೆಸರು. ರೇಡಿಯೊ ಕಾಲದಲ್ಲಿ ಸೋಪು ಮಾರುವ ಕಂಪನಿಗಳೇ ಪ್ರಾಯೋಜಕರಾಗಿದ್ದರಿಂದ ಬಂದ ಹೆಸರು. ಮನೆಕೆಲಸ ಮಾಡುವ ಹೆಂಗಸಿನ ಹೊತ್ತು ತುಂಡು ತುಂಡಾಗಿರುತ್ತದೆ, ಕಥೆಯೂ ಅದಕ್ಕೆ ಹೊಂದುವ ಹಾಗೆ ತುಂಡು ತುಂಡಾಗಿಯೇ ಕಟ್ಟಿಕೊಂಡಿದೆ ಅನ್ನುವುದು ಅವರ ವಾದ. ನಮ್ಮ ಮನೆಗೆ ಹೋಲಿಸಿ ನೋಡಿದೆ. ಅಮ್ಮ ಸೀರಿಯಲ್ 'ನೋಡೋದು' ಕಮ್ಮಿ. ಕೇಳೋದೇ ಜಾಸ್ತಿ. ಒಲೆ ಮುಂದೆ ಒಗ್ಗರಣೆ ಹಾಕ್ತಾ ಇರ್ತಾಳೆ. 'ಧೋಂ' ಅಂದಾಗ ಸೌಟು ಹಿಡಿದೇ ಬಾಗಿಲಿಗೆ ಬರ್ತಾಳೆ. ಮೂರನೇ ಝೂಮ್ ಹೊತ್ತಿಗೆ ಟಿವಿ ಎದುರು ಇರ್ತಾಳೆ. ಅಂದ್ರೆ ಆ ಮೊದಲ ಎರಡು ಝೂಮ್ ಅಡುಗೆಮನೆಯಿಂದ ಹಾಲ್‌ಗೆ ನಡೆದು ಬರೋ ಸಮಯ! ಸೋಫಾ ಮೇಲೆ ಕೂತು ನೋಡುವ ನನ್ನಂಥವನಿಗೆ ಅದು ಅತಿ ಅನ್ನಿಸಿದರೆ, ತಪ್ಪು ಸೀರಿಯಲ್‌ದಲ್ಲ. ಅದು ನನಗಾಗಿ ಮಾಡಿದ್ದೇ ಅಲ್ಲ.

ಇಲ್ಲಿವರೆಗೆ ಕಥೆಯ ಮೆಷಿನ್ ಬಗ್ಗೆ ಹೇಳಿದೆ. ನೋಡುವವರ ಕಡೆಗೆ ಬಂದರೆ ವಿಷಯ ಇನ್ನೂ ಸ್ವಾರಸ್ಯವಾಗುತ್ತೆ. ಅದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಪ್ರಯೋಗ ಇದೆ. 'ಹಮ್ ಲೋಗ್'. ನಿಮ್ಮಲ್ಲಿ ಹಿರಿಯರು ನೋಡಿರ್ತೀರಿ. ನನಗೆ ಅದು ಹುಟ್ಟೋಕೆ ಮೊದಲಿನ ಕಾಲ.

ಅದರ ಬೇರು ಇರೋದು ದೆಹಲಿಯಲ್ಲಲ್ಲ, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ. 1969ರಲ್ಲಿ ಅಲ್ಲಿ 'ಸಿಂಪ್ಲೆಮೆಂತೆ ಮರಿಯಾ' ಅನ್ನೋ ಧಾರಾವಾಹಿ ಬಂತು. ಹಳ್ಳಿಯಿಂದ ಪೇಟೆಗೆ ಬಂದ ಮನೆಗೆಲಸದ ಹುಡುಗಿ ಮರಿಯಾ. ರಾತ್ರಿ ಓದು ಕಲಿತು, ಸಿಂಗರ್ ಹೊಲಿಗೆ ಮೆಷಿನ್ ತುಳಿದು, ದೊಡ್ಡ ವಸ್ತ್ರ ವಿನ್ಯಾಸಕಿ ಆಗ್ತಾಳೆ. ಅದು ಪ್ರಸಾರವಾದ ಕಡೆಯೆಲ್ಲ ಹೊಲಿಗೆ ಮೆಷಿನ್ ಮಾರಾಟ ಏರಿತು. ಲಿಮಾದ ಚರ್ಚ್‌ನಲ್ಲಿ ಮರಿಯಾಳ ಮದುವೆ ದೃಶ್ಯ ಚಿತ್ರೀಕರಣ ನಡೆದಾಗ ಸಾವಿರಾರು ಜನ ಚೆನ್ನಾಗಿ ಬಟ್ಟೆ ತೊಟ್ಟು ಮದುವೆಗೆ ಬಂದು ನಿಂತರು. ಮೆಕ್ಸಿಕೊದ ಟಿವಿ ಸಂಸ್ಥೆಯಲ್ಲಿದ್ದ ಮಿಗೆಲ್ ಸಬಿದೊ ಇದನ್ನು ಗಮನಿಸಿದ. ಯಾರೂ ಉಪದೇಶ ಮಾಡದೆಯೇ ಜನ ಇಷ್ಟು ಕಲಿತರಲ್ಲ, ಬೇಕೆಂದೇ ಕಲಿಸಿದರೆ ಹೇಗೆ? ನೋಡಿ ಕಲಿಯುವುದರ ಬಗ್ಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಹೇಳಿದ್ದನ್ನು ಜೊತೆಗಿಟ್ಟುಕೊಂಡು ಒಂದು ಸೂತ್ರ ಮಾಡಿದ. ಮೂರು ಥರದ ಪಾತ್ರ ಇಡಿ. ಒಳ್ಳೆ ಮಾದರಿ, ಅದಕ್ಕೆ ಒಳ್ಳೆಯದಾಗಬೇಕು. ಕೆಟ್ಟ ಮಾದರಿ, ಅದಕ್ಕೆ ಶಿಕ್ಷೆಯಾಗಬೇಕು. ನಡುವೆ ನಮ್ಮ ನಿಮ್ಮ ಥರ ಅತ್ತಿತ್ತ ಓಲಾಡುವ ಪಾತ್ರ, ಅದು ಕೊನೆಗೆ ಬದಲಾಗಬೇಕು. ನೋಡುವವರು ಅದರ ಜೊತೆ ಬದಲಾಗುತ್ತಾರೆ.

ಆಗ ನಮ್ಮ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದವರು ವಸಂತ ಸಾಠೆ. 1982ರಲ್ಲಿ ಮೆಕ್ಸಿಕೊಗೆ ಹೋದಾಗ ಇದನ್ನು ಕಂಡು ಬಂದರು. ಮನೋಹರ ಶ್ಯಾಮ್ ಜೋಶಿ ಬರೆದರು. 1984ರ ಜುಲೈ 7ರಂದು ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾಯಿತು. ಕೆಳಮಧ್ಯಮ ವರ್ಗದ ಒಂದು ಮನೆ. ಕುಡುಕ ಅಪ್ಪ ಬಸೇಸರ್ ರಾಮ್, ಅಮ್ಮ ಭಾಗವಂತಿ, ಅಜ್ಜ ಅಜ್ಜಿ, ಐದು ಮಕ್ಕಳು. ಉದ್ದೇಶ ಸ್ಪಷ್ಟ: ಕುಟುಂಬ ಯೋಜನೆ, ಹೆಣ್ಣುಮಕ್ಕಳ ಸ್ಥಾನಮಾನ. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನಿಂತು, ಇದರಿಂದ ನೀವು ಏನು ತಿಳ್ಕೋಬೇಕು ಅಂತ ಹೇಳಿ ಹೋಗುತ್ತಿದ್ದರು. ಪ್ರಾಯೋಜಕರು ಯಾರು ಗೊತ್ತಾ? ಆಗಿನ್ನೂ ಹೊಸದಾಗಿ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ನೂಡಲ್ಸ್.

ಮೊದಲ ಹದಿಮೂರು ಕಂತು ಜನಕ್ಕೆ ಹಿಡಿಸಲಿಲ್ಲ. ಉಪದೇಶ ಜಾಸ್ತಿ ಆಯ್ತು. ಕುಟುಂಬ ಯೋಜನೆಯ ಮಾತನ್ನು ತೆಳು ಮಾಡಿ, ಮನೆಯ ಗೋಳನ್ನು ಗಟ್ಟಿ ಮಾಡಿದರು. ಆಮೇಲೆ ಹಿಡೀತು ನೋಡಿ. ಹದಿನೇಳು ತಿಂಗಳಲ್ಲಿ 156 ಕಂತು, ವೀಕ್ಷಕರಿಂದ ಸುಮಾರು ನಾಲ್ಕು ಲಕ್ಷ ಪತ್ರ. ಹಿರಿಮಗಳು ಬಡ್ಕಿ ಡಾಕ್ಟರ್ ಅಶ್ವಿನಿಯನ್ನು ಮದುವೆಯಾಗಲೋ ಬೇಡವೋ ಅಂತ ಮೀನಮೇಷ ಎಣಿಸುತ್ತಿದ್ದಾಗ, ಬೇಗ ಮನಸ್ಸು ಮಾಡಮ್ಮಾ ಅಂತ ಅವಳಿಗೇ ಪತ್ರ ಬರೆದವರಿದ್ದರು. ನಟಿಗಲ್ಲ, ಬಡ್ಕಿಗೆ!

ಇನ್ನು ಅಸಲು ವಿಷಯ. ಅಮ್ಮ ಭಾಗವಂತಿಯ ಪಾತ್ರವನ್ನು ಸೂತ್ರದ ಪ್ರಕಾರ ಇಟ್ಟಿದ್ದು 'ಕೆಟ್ಟ ಮಾದರಿ'ಯಾಗಿ. ಗಂಡ ಬೈದರೂ ಸುಮ್ಮನೆ, ಅತ್ತೆ ಚುಚ್ಚಿದರೂ ಸುಮ್ಮನೆ, ಎಲ್ಲರ ಊಟ ಆದ ಮೇಲೆ ಉಳಿದದ್ದು ಉಣ್ಣುವವಳು. ಅವಳನ್ನು ನೋಡಿ ಹೆಂಗಸರು 'ನಾವು ಹೀಗಿರಬಾರದು' ಅಂದ್ಕೋಬೇಕಿತ್ತು. ಅರವಿಂದ್ ಸಿಂಘಾಲ್ ಮತ್ತು ಎವೆರೆಟ್ ರೋಜರ್ಸ್ ಎಂಬ ಸಂಶೋಧಕರು ಸಾವಿರಕ್ಕೂ ಹೆಚ್ಚು ವೀಕ್ಷಕರನ್ನು ಮಾತಾಡಿಸಿದರು, ಪತ್ರಗಳನ್ನು ಓದಿದರು. ಎಷ್ಟೋ ಜನರಿಗೆ ಭಾಗವಂತಿ ಆದರ್ಶ ತಾಯಿಯಾಗಿ ಕಂಡಿದ್ದಳು. ಹಾಗೆ ಕಂಡವರಲ್ಲಿ ಹೆಂಗಸರೇ ಹೆಚ್ಚು. ಬರೆದವರು ಎಚ್ಚರಿಕೆಯ ಫಲಕ ನೆಟ್ಟರು, ಓದಿದವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು.

ಇಷ್ಟಕ್ಕೇ 'ಜನ ಮೂರ್ಖರು' ಅಂತ ತೀರ್ಪು ಕೊಡೋರು ಇದ್ದಾರೆ. ನಮ್ಮ ನ್ಯೂಸ್‌ರೂಮಿನಲ್ಲೂ ಇದ್ದಾರೆ. ನನಗೆ ಹಾಗನ್ನಿಸಲ್ಲ. ಭಾಗವಂತಿಯ ಹಾಗೆ ಬದುಕಿದ್ದ ಹೆಂಗಸಿಗೆ 'ನೀನು ಕೆಟ್ಟ ಮಾದರಿ' ಅಂದರೆ ಅವಳ ಮೂವತ್ತು ವರ್ಷಕ್ಕೆ ಏನು ಬೆಲೆ ಉಳೀತು? ಅವಳು ಆ ಪಾತ್ರಕ್ಕೆ ಮರ್ಯಾದೆ ಕೊಟ್ಟದ್ದು ತನಗೆ ತಾನೇ ಕೊಟ್ಟುಕೊಂಡ ಮರ್ಯಾದೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಸ್ಟುವರ್ಟ್ ಹಾಲ್ 1973ರಲ್ಲೇ ಇದನ್ನು ಹೇಳಿದ್ದ. ಟಿವಿಯವರು ಒಂದು ಅರ್ಥ ತುಂಬಿ ಕಳಿಸ್ತಾರೆ. ಬಿಚ್ಚುವವರು ಅದನ್ನು ಹಾಗೇ ಒಪ್ಪಬಹುದು, ತಿರಸ್ಕರಿಸಬಹುದು, ಇಲ್ಲವೇ ಸ್ವಲ್ಪ ಒಪ್ಪಿ ಸ್ವಲ್ಪ ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ನನ್ನ ಎಂಜಿನಿಯರಿಂಗ್ ಪುಸ್ತಕದಲ್ಲಿ ಕಳಿಸಿದ ಸಿಗ್ನಲ್ಲೂ ಸೇರಿದ ಸಿಗ್ನಲ್ಲೂ ಬೇರೆಯಾದರೆ ಅದಕ್ಕೆ 'ನಾಯ್ಸ್' ಅಂತಿದ್ದರು. ಹಾಲ್ ಪ್ರಕಾರ ಅದು ನಾಯ್ಸ್ ಅಲ್ಲ, ಅಲ್ಲೇ ಒಬ್ಬ ಮನುಷ್ಯ ಇದ್ದಾನೆ ಅನ್ನೋದಕ್ಕೆ ಗುರುತು.

ಪೂರ್ಣಿಮಾ ಮಂಕೇಕರ್ ಎಂಬ ವಿದ್ವಾಂಸೆ ದೆಹಲಿಯ ಸಾಮಾನ್ಯ ಮನೆಗಳಲ್ಲಿ ಹೆಂಗಸರ ಜೊತೆ ಕೂತು ದೂರದರ್ಶನ ನೋಡಿದ್ದರು. 'ಮಹಾಭಾರತ'ದಲ್ಲಿ ದ್ರೌಪದಿಯ ವಸ್ತ್ರಾಪಹರಣ ಬಂದಾಗ ಆ ಹೆಂಗಸರು ಮಾತಾಡಿದ್ದು ದ್ವಾಪರಯುಗದ ಬಗ್ಗೆ ಮಾತ್ರ ಅಲ್ಲ, ತಮ್ಮ ಬೀದಿ, ತಮ್ಮ ಮನೆ, ತಮಗಿರುವ ಭಯದ ಬಗ್ಗೆ ಕೂಡ. ನಮ್ಮಲ್ಲೂ ಹಾಗೇ ಅಲ್ವಾ? 1998ರಲ್ಲಿ ಟಿ. ಎನ್. ಸೀತಾರಾಮ್ ಅವರ 'ಮಾಯಾಮೃಗ' ಬರುತ್ತಿದ್ದಾಗ ನಾನು ಪ್ರೈಮರಿ ಶಾಲೆ ಹುಡುಗ, ತಿಪಟೂರಿನಲ್ಲಿ ಅಜ್ಜಿ ಪಕ್ಕ ಕೂತು ನೋಡಿದ್ದೇನೆ. ಕಥೆ ನನಗೆ ಅಷ್ಟು ನೆನಪಿಲ್ಲ. ಕಂತು ಮುಗಿದ ಮೇಲೆ ಜಗಲಿಯಲ್ಲಿ ನಡೀತಿದ್ದ ಚರ್ಚೆ ನೆನಪಿದೆ. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟ್ ಸೀನ್ ಬಂತು ಅಂದ್ರೆ ಅಜ್ಜಿ ಜಡ್ಜ್. ಸೀತಾರಾಮ್ ತಾವೇ ಸಿ.ಎಸ್.ಪಿ. ಎಂಬ ವಕೀಲನಾಗಿ ನಿಂತು ವಾದ ಮಾಡುತ್ತಿದ್ದರು. ಅಲ್ಲಿ ತಪ್ಪು ಮಾಡಿದವನಿಗೂ ಅವನದೊಂದು ವಾದ ಇರುತ್ತಿತ್ತು. ಅಜ್ಜಿ ಅದನ್ನು ಕೇಳಿಸಿಕೊಳ್ಳೋಳು. ನಮ್ಮ ಪ್ಯಾನೆಲ್ ಚರ್ಚೆಗಳಲ್ಲಿ ಅಷ್ಟು ಹೊತ್ತು ಯಾರಿಗೂ ಮಾತಾಡೋಕೆ ಬಿಡಲ್ಲ, ನನ್ನನ್ನೂ ಸೇರಿಸಿ.

ಸೀರಿಯಲ್ ನೋಡಿ ಹೆಂಗಸರು ಕೆಟ್ಟುಹೋದರು ಅನ್ನೋ ಮಾತಿಗೂ ಒಂದು ಉತ್ತರ ಇದೆ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನ. ತಮಿಳುನಾಡು, ಗೋವಾ, ಹರಿಯಾಣ, ಬಿಹಾರದಂಥ ಕಡೆ ಕೇಬಲ್ ಟಿವಿ ಬರುವ ಮೊದಲು ಮತ್ತು ಬಂದ ಮೇಲೆ ಹಳ್ಳಿಯ ಹೆಂಗಸರನ್ನು ಕೇಳಿದರು. ಕೇಬಲ್ ಬಂದ ಊರುಗಳಲ್ಲಿ ಗಂಡ ಹೊಡೆಯೋದು ಸರಿ ಅನ್ನುವವರು ಕಮ್ಮಿಯಾದರು, ಗಂಡುಮಗುವೇ ಬೇಕು ಅನ್ನುವವರೂ ಕಮ್ಮಿಯಾದರು. 'ಕ್ಯೋಂಕಿ ಸಾಸ್ ಭೀ ಕಭೀ ಬಹು ಥೀ' ಜೋರಾಗಿ ಓಡುತ್ತಿದ್ದ ಕಾಲ ಅದು. ಆ ಅತ್ತೆ ಸೊಸೆ ಜಗಳದಲ್ಲಿ ಇದೆಲ್ಲಿತ್ತು ಅಂತ ನೀವು ಕೇಳಬಹುದು. ಬಹುಶಃ ಜಗಳದಲ್ಲಿ ಇರಲಿಲ್ಲ. ಹೆಂಗಸು ಬಾಯಿಬಿಟ್ಟು ಮಾತಾಡ್ತಾಳೆ, ಮನೆ ಬಿಟ್ಟು ಕೆಲಸಕ್ಕೆ ಹೋಗ್ತಾಳೆ, ಅವಳು ಹೇಳಿದ್ದಕ್ಕೆ ಮನೆಯವರು ತಿರುಗಿ ನೋಡ್ತಾರೆ, ಅಷ್ಟರಲ್ಲೇ ಇತ್ತೇನೋ.

ಹೀಗೆ ಓದ್ತಾ ಓದ್ತಾ ಸೀರಿಯಲ್ ಮೇಲಿದ್ದ ನನ್ನ ಅಹಂಕಾರ ಕರಗ್ತಾ ಬಂತು. ಕಟ್ಟಿನ ಕೊನೆಯಲ್ಲಿ ಒಂದು ಹಳೇ ಲೇಖನ ಇತ್ತು. 1956ರದ್ದು, ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರದು. ಟಿವಿಯಲ್ಲಿ ದಿನಾ ಕಾಣುವ ಮುಖದ ಜೊತೆ ನೋಡುವವರಿಗೆ ಒಂದು ನಂಟು ಬೆಳೆಯುತ್ತದೆ. ಆ ಕಡೆಯವನಿಗೆ ಇವರು ಯಾರೆಂದೇ ಗೊತ್ತಿಲ್ಲ. ಆದರೂ ಇವರಿಗೆ ಅವನು ಮನೆಯವನ ಹಾಗೆ. ಇದು ಸೀರಿಯಲ್ ಪಾತ್ರಗಳ ಬಗ್ಗೆ ಬರೆದದ್ದು ಅಂತಲೇ ನಾನು ಓದಲು ಶುರು ಮಾಡಿದ್ದೆ. ಅವರು ಮುಖ್ಯವಾಗಿ ಹೇಳುತ್ತಿದ್ದುದು ಕ್ಯಾಮೆರಾ ಕಣ್ಣಿಗೆ ಕಣ್ಣಿಟ್ಟು 'ನಮಸ್ಕಾರ' ಅನ್ನುವವರ ಬಗ್ಗೆ. ಕಾರ್ಯಕ್ರಮ ನಡೆಸಿಕೊಡುವವರ ಬಗ್ಗೆ. ಅಂದ್ರೆ ನನ್ನ ಬಗ್ಗೆ.

ನಮ್ಮ ಪಕ್ಕದ ಮನೆ ಅಜ್ಜಿ, ನಾನು ನಮಸ್ಕಾರ ಅಂದಾಗ ಟಿವಿಗೆ ತಿರುಗಿ ನಮಸ್ಕಾರ ಹೇಳ್ತಾರೆ. "ಊಟ ಆಯ್ತಾ ಮಗಾ?" ಅಂತ ಕೇಳ್ತಾರಂತೆ. ಇಷ್ಟು ದಿನ ಇದನ್ನು ನಾನು ಜೋಕ್ ಥರ ಹೇಳಿಕೊಂಡು ಓಡಾಡಿದ್ದೆ.

ಈಗ ಆ ಹುಡುಗಿಯ ಪ್ರಶ್ನೆಗೆ ವಾಪಸ್ ಬರೋಣ. ನಮ್ಮ ಕಟ್ಟೋ ರೀತಿ ಹೇಗೆ?

ಮೊದಲು ಟಿಆರ್‌ಪಿ. ದೇಶದಲ್ಲಿ ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇದೆ. ಅದರ ಅಂಕಿ ಗುರುವಾರ ನಮ್ಮ ಕೈಸೇರುತ್ತೆ. ಯಾವ ಗಂಟೆಯಲ್ಲಿ ಗೆರೆ ಮೇಲೆ ಹೋಯ್ತು, ಮುಂದಿನ ವಾರ ಅದನ್ನೇ ಜಾಸ್ತಿ ಮಾಡು. ಮತ್ತೆ ಮೇಲೆ ಹೋಯ್ತು, ಇನ್ನೂ ಜಾಸ್ತಿ ಮಾಡು. ಊರ ಜಾತ್ರೆಯಲ್ಲಿ ಮೈಕನ್ನು ಸ್ಪೀಕರ್ ಮುಂದೆ ತಂದರೆ 'ಕುಂಯ್' ಅನ್ನುತ್ತಲ್ಲ, ಅದೇ ಇದು. ಸ್ಪೀಕರ್ ಸದ್ದು ಮೈಕಿಗೆ, ಮೈಕಿನ ಸದ್ದು ಸ್ಪೀಕರಿಗೆ. ಸೀರಿಯಲ್‌ನವರದೂ ಇದೇ ಗುರುವಾರ, ನಮ್ಮದೂ ಇದೇ ಗುರುವಾರ. 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿದ್ದರು. ಆಗಲಾದರೂ ಕುಂಯ್ ಸದ್ದು ನಿಂತಿತೇ? ನೀವೇ ನೋಡಿದ್ದೀರಿ. ಕಿವಿ ಅದಕ್ಕೆ ಒಗ್ಗಿಹೋಗಿತ್ತು.

ಇನ್ನು ಕಥೆ. ಒಂದು ವರ್ಷದ ಹಿಂದೆ ನಾವು ಒಂದು ಸುದ್ದಿ ಮಾಡಿದೆವು. ಊರು ಹೇಳಲ್ಲ, ಹೆಸರು ಹೇಳಲ್ಲ. ಒಂದು ಸಣ್ಣ ಪಟ್ಟಣದ ಹುಡುಗಿ ಕಾಲೇಜಿಗೆ ಹೋದವಳು ಮನೆಗೆ ಬಂದಿರಲಿಲ್ಲ. ನಾಲ್ಕು ರಾತ್ರಿ ನನ್ನ ಒಂಬತ್ತು ಗಂಟೆ ಅದಕ್ಕೇ ಮೀಸಲು. ಮೊದಲ ರಾತ್ರಿ ಪ್ರಶ್ನೆ: ಎಲ್ಲಿ ಹೋದಳು? ಎರಡನೇ ರಾತ್ರಿಗೆ ಬರೀ ಪ್ರಶ್ನೆ ಸಾಲದು, ಕೇಡು ಮಾಡಿದವನೊಬ್ಬ ಬೇಕು. ಹಿಂದಿನ ದಿನ ಅವಳ ಜೊತೆ ರಸ್ತೆಯಲ್ಲಿ ನಿಂತು ಮಾತಾಡಿದ್ದು ಅವಳ ಸೋದರಮಾವ. ಸಿಸಿಟಿವಿಯಲ್ಲಿತ್ತು. ಅವರ ತಲೆ ಸುತ್ತ ಕೆಂಪು ಸುತ್ತು ಹಾಕಿದೆವು, ಮುಖ ಮಸುಕು ಮಾಡಿದೆವು. ಆ ಊರಿನಲ್ಲಿ ಯಾರಿಗೆ ಗೊತ್ತಾಗಲ್ಲ ಹೇಳಿ? ಹಿನ್ನೆಲೆಗೆ ಒಂದು ಮ್ಯೂಸಿಕ್, ಅದೇ 'ಧೋಂ'. ಮಾವನಿಗೆ ಗೊತ್ತಿತ್ತಾ, ಪ್ರಶ್ನಾರ್ಥಕ ಚಿಹ್ನೆ. ಬ್ರೇಕ್ ನಂತರ ಸ್ಫೋಟಕ ಮಾಹಿತಿ. ಬ್ರೇಕ್ ನಂತರ ಮಾಹಿತಿ ಏನೂ ಇರಲಿಲ್ಲ, ಇನ್ನೊಂದು ಬ್ರೇಕ್ ಇತ್ತು. ಪ್ರಾಪ್‌ನ ಖಳ, ಬಾರ್ತ್‌ನ ಒಗಟು, ಮೂರು ಝೂಮ್. ಒಂದನ್ನೂ ಬಿಟ್ಟಿರಲಿಲ್ಲ. ಓದದೆಯೇ ಎಲ್ಲ ಬರ್ತಿತ್ತು ನಮಗೆ.

ಅಂಕಿ ಚೆನ್ನಾಗಿ ಬಂತು.

ಐದನೇ ದಿನ ಬೇರೆ ಸುದ್ದಿ ಬಂತು. ದೊಡ್ಡ ರಾಜಕೀಯ ಸುದ್ದಿ. ನಾವು ಅದರ ಹಿಂದೆ ಹೊರಟೆವು. ಎರಡು ವಾರ ಆದ ಮೇಲೆ ನನ್ನ ಮೊಬೈಲ್‌ಗೆ ಒಂದು ಕರೆ. ಆ ಸೋದರಮಾವ. ಸಿಟ್ಟು ಮಾಡ್ತಾರೆ ಅಂತ ಎದೆ ಗಟ್ಟಿ ಮಾಡ್ಕೊಂಡೆ. ಅವರು ಸಿಟ್ಟು ಮಾಡಲಿಲ್ಲ. "ಸಾರ್, ನನ್ನದೊಂದು ಬೇಕರಿ ಐತೆ. ಜನ ಬರೋದು ಬಿಟ್ಟವರೆ. ನಾಲ್ಕು ದಿನ ತೋರಿಸಿದ್ರಲ್ಲ, ಹುಡುಗಿ ಬಂದ್ಲು ಅಂತ ಒಂದು ದಿನ ತೋರಿಸ್ಬಿಡಿ ಸಾಕು." ಡೆಸ್ಕ್‌ನಲ್ಲಿ ಹೇಳ್ತೀನಿ ಅಂದೆ. ಹೇಳಿದೆ ಕೂಡ. ಹಳೇ ಸುದ್ದಿ, ಯಾರು ನೋಡ್ತಾರೆ ಅಂದರು. ನಾನು ಜೋರು ಮಾಡಲಿಲ್ಲ. ಪರದೆ ಮೇಲೆ ಮಂತ್ರಿಗಳಿಗೇ ದನಿ ಏರಿಸುವವನು, ಅಲ್ಲಿ ಏರಿಸಲಿಲ್ಲ.

ಸೀರಿಯಲ್‌ನವರು ಕೊನೆಯ ಕಂತನ್ನು ಬೀರುವಿನಲ್ಲಿ ಇಡ್ತಾರೆ ಅಂದೆನಲ್ಲ, ಆರು ವರ್ಷ ಆದ ಮೇಲಾದರೂ ತೆಗೆದು ತೋರಿಸ್ತಾರೆ. ಚಂದ್ರಿಕಾ ಅನ್ನುವವಳಿಗೆ ಶೂಟಿಂಗ್ ಮುಗಿದ ಮೇಲೆ ತನ್ನ ಮನೆಗೆ ಹೋಗೋ ದಾರಿ ಇದೆ. ಅವಳ ಹತ್ತಿರ ಜನ ಸೆಲ್ಫಿ ಕೇಳ್ತಾರೆ.

ಕಾಲೇಜಿನಿಂದ ಬಂದ ವಾರ ಊರಿಗೆ ಹೋಗಿದ್ದೆ. ಸೀರಿಯಲ್ ಬ್ರೇಕ್‌ನಲ್ಲಿ ಅಮ್ಮ ಸುಮ್ಮನೆ ಕೇಳಿದಳು. "ಅಲ್ಲ ಕಣೋ, ಆ ಹುಡುಗಿ ಕಾಣೆಯಾಗಿದ್ಲಲ್ಲ, ನಾಲ್ಕು ದಿನ ಬಡ್ಕೊಂಡ್ಯಲ್ಲ, ಏನಾದ್ಲು ಕೊನೆಗೆ?"

"ಬಂದ್ಲಮ್ಮ ಮನೆಗೆ."

"ಮತ್ತೆ ಅದನ್ನ ಯಾಕೆ ಹೇಳ್ಲಿಲ್ಲ? ನಾನು ದಿನಾ ಕಾಯ್ತಿದ್ದೆ. ಆ ಮಾವ ಏನೋ ಮಾಡಿರ್ಬೇಕು ಅಂದ್ಕೊಂಡಿದ್ದೆ ಇಷ್ಟು ದಿನ."

ಧಾರಾವಾಹಿ ಮತ್ತೆ ಶುರುವಾಯಿತು, ಅಮ್ಮ ಆ ಕಡೆ ತಿರುಗಿದಳು.

ಅಮ್ಮನ ಹಾಗೆ ಇನ್ನೂ ಎಷ್ಟು ಜನ ಕಾದಿದ್ದೀರೋ ನನಗೆ ಗೊತ್ತಿಲ್ಲ. ಹಾಗಾಗಿ ಹೇಳ್ತೀನಿ. ಪರೀಕ್ಷೆ ಫಲಿತಾಂಶಕ್ಕೆ ಹೆದರಿ ಆ ಹುಡುಗಿ ಬೇರೆ ಊರಿನ ಗೆಳತಿಯ ಮನೆಗೆ ಹೋಗಿದ್ದಳು. ಐದನೇ ದಿನ ಬೆಳಿಗ್ಗೆ ತಾನೇ ಬಸ್ಸು ಹತ್ತಿ ವಾಪಸ್ ಬಂದಳು. ಅವಳ ಮಾವ ಅವತ್ತು ರಸ್ತೆಯಲ್ಲಿ ನಿಂತು ಹೇಳಿದ್ದು, ಫೇಲಾದ್ರೆ ಏನಾಯ್ತು, ಮತ್ತೆ ಕಟ್ಟಿದರಾಯ್ತು ಅಂತ. ಅವರ ಮೇಲೆ ಯಾವ ದೂರೂ ಇಲ್ಲ, ಅವರದು ಯಾವ ತಪ್ಪೂ ಇರಲಿಲ್ಲ. ಇದನ್ನು ನಾನು ಒಂದು ವರ್ಷ ಎರಡು ತಿಂಗಳು ತಡವಾಗಿ ಹೇಳುತ್ತಿದ್ದೇನೆ.